ಏಳು

ಎಣಿಕೆಯ ದಿನ ಮಧ್ಯಾಹ್ನಕ್ಕೇ
ಶಿವಮೊಗ್ಗದಿಂದ ಫೋನು ಬಂತು:
ಮಳಲಿಕೊಪ್ಪ ಬೂತಿನಲ್ಲಿ
ಅವರಿಗೆ ಆರುನೂರ ಹನ್ನೊಂದು,
ಇವರಿಗೆ ಏಳು.

ಆರುನೂರ ಹನ್ನೊಂದು ಯಾರೆಂದು ಯಾರೂ ಕೇಳಲಿಲ್ಲ.

ಸೊಸೈಟಿ ಕಟ್ಟೆಯ ಮೇಲೆ ಬೆರಳು ಮಡಚಿದರು:
ಫಿಲೋಮಿನಾ ಟೀಚರು ಒಂದು,
ಕೊನೆಮನೆಯಲ್ಲಿ ಮೂರು,
ಯಾರ ಜತೆಗೂ ಮಾತಾಡದ ಪೋಸ್ಟ್‌ಮ್ಯಾನು,
ಅವನ ತಮ್ಮ...
ಆರಕ್ಕೆ ನಿಂತಿತು.
ನನ್ನತ್ತ ತಿರುಗಿದರು:
"ಶಾಯಿ ಹಚ್ಚಿದವಳು ನೀನಲ್ಲವೇನೇ ಗುತ್ಯಮ್ಮ,
ಗೊತ್ತಾಗಲಿಲ್ವಾ?"

ನನಗೆ ಗೊತ್ತಿದ್ದದ್ದು ಬೆರಳು.
ಸುಣ್ಣ ಹತ್ತಿದ್ದು,
ಕತ್ತಿ ತಾಗಿ ಉಗುರು ಹೋದದ್ದು,
ಸಗಣಿ ತೊಳೆದು ಓಡಿಬಂದದ್ದು.
ಪಟೇಲರ ಹೆಂಡತಿಯದು ನಡುಗುತ್ತಿತ್ತು,
ಅದನ್ನು ಹೇಳಲಿಲ್ಲ.

ಕೊನೆಮನೆ ದಾರಿಗೆ
ಐದು ವರ್ಷ ಜಲ್ಲಿ ಬೀಳಲಿಲ್ಲ.

ಈ ಸಲ ಇವರು ಗೆದ್ದರು.
ಅದೇ ಕಟ್ಟೆ. ಒಬ್ಬೊಬ್ಬರೇ ಬಂದು
ಕಿವಿಗೆ ಬಾಯಿಟ್ಟು ಹೇಳುತ್ತಾರೆ:
"ಆಗಿನ ಏಳರಲ್ಲಿ ನಾನೂ ಒಬ್ಬ."
ನಿನ್ನೆಗೆ ಮೂವತ್ತನಾಲ್ಕಾಯಿತು.

ಕೊನೆಮನೆಯ ಶೇಷಿ ಮಾತ್ರ
ನಲ್ಲಿಯ ಹತ್ತಿರ ಕೊಡ ತಿರುಗಿಸುತ್ತಾ ಅಂದಳು:
"ಊರೆಲ್ಲ ಒತ್ತಿದ ಗುರುತಿಗೇ
ನಾವೂ ಒತ್ತಿದ್ದು ಮಾರಾಯ್ತಿ.
ಒಂದು ಮಾತು ಕೇಳಿದ್ರೆ ಹೇಳ್ತಿದ್ವಿ."

ಕೊಡ ತುಂಬಿ ಹರಿಯುತ್ತಿತ್ತು.
ನಾನೂ ಕೇಳಿರಲಿಲ್ಲ.