ಚಿಂಬಾಯಿಯ ಹತ್ತಿ

ಜೂನ್ ತಿಂಗಳು, ಚಿಂಬಾಯಿಯ ಹೊಲ ಬೆಳ್ಳಗಿದೆ.
ಹಿಮವಲ್ಲ.
ಬೀಬಿಸಾರಾ ಬೆರಳು ಒತ್ತಿ ನೆಕ್ಕಿ ನೋಡುತ್ತಾಳೆ
ಸಾರಿನ ಹದ ನೋಡುವ ಹಾಗೆ,
ಉಗುಳುತ್ತಾಳೆ.

ಫೆಬ್ರವರಿಯಲ್ಲಿ ಮೂರು ಸಲ
ಅಮು ದರಿಯಾದ ನೀರು ಕಟ್ಟಿ ತೊಳೆದದ್ದೇ.
ಕೆಳಗಿಳಿದದ್ದು ಬಿಸಿಲೇರಿದಂತೆ
ಮತ್ತೆ ಮೇಲೆದ್ದು ಕೂತಿದೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಈ ಹತ್ತಿಯ ಬುಡದಲ್ಲಿ ನೀರಿದೆ,
ಬೇರು ಎಳೆದರೆ ಬರುವುದಿಲ್ಲ.
ಇದ್ದ ಪಸೆ ಆರದಿರಲೆಂದು
ಎಲೆ ತನ್ನ ಸಾವಿರ ಬಾಯಿ ಬಿಗಿದುಕೊಂಡಿದೆ;
ಗಾಳಿಗೂ ಒಳಗೆ ದಾರಿಯಿಲ್ಲ.
ಇಷ್ಟು ಬಿಸಿಲು ಉರಿದೂ
ಹಸಿರೊಲೆಯ ಮೇಲೆ ಏನೂ ಬೇಯುತ್ತಿಲ್ಲ.

ಅಂಚು ಸುಟ್ಟ ಎಲೆ. ಮೊಣಕಾಲು ಮುಟ್ಟದ ಗಿಡ.
ಮೊಮ್ಮಗ ಅಜಾಮತ್ ಅಳತೆಪಟ್ಟಿ ಹಿಡಿದು
ಏನು ಬರೆಯಲಿ ಎನ್ನುತ್ತಾನೆ.

ಹೋದ ವಾರದ್ದನ್ನೇ.