ಬೀಟ್ ರಾಶಿಯ ಸುತ್ತ

ಡಿಸೆಂಬರ್ ಇಪ್ಪತ್ತೊಂಬತ್ತು. ಫಾರ್ಗೋ.
ಕಿಟಕಿಯಾಚೆ ಸೊನ್ನೆಗಿಂತ ಹದಿನೆಂಟು ಕೆಳಗೆ.
ಪರದೆಯ ಮೇಲೆ, ಜನ ವರ್ಷವಿಡೀ ಸಂಬಳದಿಂದ
ತೆರಿಗೆಯವನು ಕೈಚಾಚುವ ಮೊದಲೇ
ಮದ್ದಿಗೆಂದು ಎತ್ತಿಟ್ಟ ಕಾಸು.
ಮೂವತ್ತೊಂದರ ನಡುರಾತ್ರಿ ದಾಟಿತೋ
ಅದು ಇಟ್ಟವರದಲ್ಲ, ಕಂಪನಿಯದು.
ಅದಕ್ಕೇ ಈ ವಾರ ಊರಿಗೂರಿಗೇ
ಕಣ್ಣು ಮಂಜಾಗುತ್ತದೆ, ಹಲ್ಲು ಜುಮ್ಮೆನ್ನುತ್ತದೆ,
ಒಬ್ಬೊಬ್ಬರಿಗೂ ಎರಡೆರಡು ಜೊತೆ ಕನ್ನಡಕ ಬೇಕಾಗುತ್ತದೆ.

ನಾನು ಲಿಯೋಟಾ. ಓದಿ, ಹೌದು ಇಲ್ಲವೇ ಇಲ್ಲ ಒತ್ತುವವಳು.
ಹನ್ನೊಂದು ವರ್ಷದಿಂದ ಇದೇ ಕುರ್ಚಿ;
ಅದರ ಸ್ಪಂಜಿಗೆ ನನ್ನ ಆಕಾರ ಬಾಯಿಪಾಠ.

ಕ್ಲೇಮು: ಕೈಗಡಿಯಾರ, ಒಂದು.
ಹೆಜ್ಜೆ ಎಣಿಸುತ್ತದೆ, ನಾಡಿ ಹಿಡಿಯುತ್ತದೆ,
ನಿದ್ದೆಗೂ ಮಾರ್ಕ್ಸು ಕೊಡುತ್ತದೆ.
ನೂರ ಎಂಬತ್ತಾರು ಡಾಲರ್, ನಲವತ್ತು ಸೆಂಟ್.
ಮಾರ್ಲಿಸ್ ಟ್ವೇಟನ್. ಹೊಳೆಯಾಚೆ ಮೂರ್‌ಹೆಡ್,
ಬೀಟ್ ಸಕ್ಕರೆ ಕಾರ್ಖಾನೆ, ಪ್ಯಾಕಿಂಗ್.
ಕಾರಣ ಎಂಬ ಖಾನೆಯಲ್ಲಿ ದುಂಡಗೆ ಬರೆದಿದ್ದಾಳೆ:
‘ಆರೋಗ್ಯವಾಗಿರುವುದಕ್ಕೆ.’

ಅಯ್ಯೋ ಮಾರಾಯ್ತಿ,
ಅದೊಂದನ್ನು ಬರೆಯಬಾರದಿತ್ತು.
ಖಾತೆಯ ಹೆಸರೇನೋ ಆರೋಗ್ಯದ್ದೇ,
ಆದರೆ ಆರೋಗ್ಯಕ್ಕೆ ನಾವು ಕಾಸು ಬಿಚ್ಚುವುದಿಲ್ಲ.
ಆ ಪದದ ತಲೆಯ ‘ಆ’ ಕಿತ್ತು,
ಬಾಲದ ಒತ್ತು ಕಳಚಿ,
ಉಳಿದದ್ದರ ಕೆಳಗೆ ಡಾಕ್ಟರ ಸಹಿ ತಂದರೆ
ಮೂರು ದಿನದಲ್ಲಿ ಹಣ.

ಉತ್ತರ ಹೇಳಿಕೊಡಬಾರದು ಎಂಬ ನಿಯಮವಿದೆ.
ಫೋನ್ ಮಾಡಿದೆ.
ಅವಳ ಹಿಂದೆ ಯಂತ್ರಗಳ ಮೊರೆತ.
ನಿಮಗೇನಾದರೂ ಸಕ್ಕರೆ ಕಾಯಿಲೆ?
‘ಇಲ್ಲವಲ್ಲ!’ — ಯಾರೋ ಬೈದ ಹಾಗೆ.
ಬಿಪಿ? ಎದೆನೋವು? ಮೆಟ್ಟಿಲು ಹತ್ತಿದರೆ ದಮ್ಮು?
‘ಅಮ್ಮನಿಗಿತ್ತು, ಸಕ್ಕರೆ.
ಇದೇ ಕಾರ್ಖಾನೆ, ಮೂಟೆ ಹೊಲಿಯೋ ಕೆಲಸ.
ಐವತ್ತಾರಕ್ಕೆ ಎಡಪಾದ ತೆಗೆದರು.
ಆ ಕಾಲಿನ ಬೂಟು ಮನೇಲೇ ಇದೆ, ಇನ್ನೂ ಹೊಸದು.
ನನಗದು ಬರಬಾರದು ಅಂತ
ಊಟದ ಬಿಡುವಲ್ಲಿ ಬೀಟ್ ರಾಶಿ ಸುತ್ತ ನಡೀತೀನಿ.
ಮೂರು ಸುತ್ತು.
ಎಷ್ಟು ಹೆಜ್ಜೆ ಅಂತ ತಿಳೀಲಿ ಅಂತ, ಅಷ್ಟೇ.’

ಬರಬಾರದು ಅಂತ.
ಇಷ್ಟುದ್ದದ ಫಾರಮಿನಲ್ಲಿ ಅದಕ್ಕೊಂದು ಖಾನೆಯಿಲ್ಲ.
ಡಾಕ್ಟರು ಒಂದೇ ಒಂದು ಸಾಲು ಬರೆದುಕೊಟ್ಟರೆ, ಎಂದೆ,
ದನಿ ತಗ್ಗಿಸಿ, ಪಕ್ಕದ ಮೇಜಿಗೆ ಕೇಳದ ಹಾಗೆ.
‘ಇಲ್ಲದ ಕಾಯಿಲೆ ಬರೆಸಲಾ?’
ಆಮೇಲೆ ಬರೀ ಯಂತ್ರ ಮಾತಾಡಿತು.
‘ಬೇಡ ಬಿಡಿ. ಬಾಯಲ್ಲೇ ಎಣಿಸ್ಕೋತೀನಿ.’

ಇಲ್ಲ ಒತ್ತಿದೆ.
ಕೀಲಿ ಮೆತ್ತಗಿದೆ, ಸದ್ದೂ ಬರುವುದಿಲ್ಲ.

ಜನವರಿ ಹತ್ತಕ್ಕೆ ಅವಳದೇ ಇನ್ನೊಂದು ಲಕೋಟೆ.
ರಸೀದಿಯ ಮೇಲೆ ಮೂವತ್ತೊಂದು, ಸಂಜೆ ಏಳೂವರೆ:
ಗಾಯದ ಪಟ್ಟಿ ಆರು ಪೆಟ್ಟಿಗೆ,
ಜ್ವರ ನೋಡುವ ಕಡ್ಡಿ ಒಂದು,
ಬಿಸಿಲಿಗೆ ಹಚ್ಚುವ ಕ್ರೀಮು, ಹದಿನಾಲ್ಕು ಬಾಟಲಿ.
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ,
ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಕಲ್ಲು.
ಬಿಸಿಲ ಕ್ರೀಮಿಗೆ ಯಾರ ಸಹಿಯೂ ಬೇಡ,
ಯಾರೂ ಯಾಕೆ ಅನ್ನುವುದಿಲ್ಲ.
ಹೌದು. ಹೌದು. ಹೌದು.

ರಸೀದಿಯ ಬೆನ್ನಿಗೆ ಪೆನ್ಸಿಲಿನಲ್ಲಿ, ಅದೇ ದುಂಡಕ್ಷರ:
‘ಹಿಮದ ಮೇಲಿನ ಬಿಸಿಲೂ ಸುಡುತ್ತೆ, ನಗಬೇಡಿ.
ಮೂರು ಸುತ್ತಿಗೆ ಮೂರು ಸಾವಿರದ ನೂರ ಹನ್ನೊಂದು.
ಸುಮಾರು.
ನಡುವೆ ಫೋರ್‌ಮನ್ ಮಾತಾಡಿಸಿ ಒಂದು ಕಡೆ ತಪ್ಪಿತು.’

ಆ ಬರಹಕ್ಕೆ ನಮ್ಮಲ್ಲಿ ಕೋಡ್ ಇಲ್ಲ.
ಫೈಲು ಮುಚ್ಚಿ ಕಾಫಿ ಯಂತ್ರದ ತನಕ ಹೋದೆ.
ಮೂವತ್ತೆಂಟು.
ಬರುವಾಗ ನಲವತ್ತೈದು —
ಕಪ್ಪು ತುಂಬಿತ್ತು, ಸಣ್ಣ ಹೆಜ್ಜೆ.