ಮೂರು ರಿಯಾಲ್ ಮೀರಬಾರದು

ಮೂರು ರಿಯಾಲ್ ಮೀರಬಾರದು ಎಂದು
ರಾತ್ರಿಯೇ ಮಾತಾಗಿತ್ತು.
ಇಪ್ಪತ್ತೊಂದು ದಿನದ ವೀಸಾದಲ್ಲಿ ಹದಿನಾರು
ರುವಿಯ ಈ ಕೋಣೆಯ ಕಿಟಕಿಯಲ್ಲೇ ಕಳೆದಿದ್ದವು.
ಹಬ್ಬದ ಹೊಲಿಗೆಯ ಗಡಿಬಿಡಿಯಲ್ಲಿ
ಎರಡು ಶುಕ್ರವಾರ ಹೋಗಿದ್ದವು.
ಕೋಣೆಯ ಇನ್ನಿಬ್ಬರು ನಮಗಾಗಿ
ಹಾಸಿಗೆ ಸುತ್ತಿಕೊಂಡು ಬೇರೆಲ್ಲೋ ಮಲಗುತ್ತಿದ್ದರು;
ಅವರ ಅಂಗಿಗಳು ಮಾತ್ರ ಮೊಳೆಗೆ ಜೋತು
ನಮ್ಮ ಸಂಸಾರ ನೋಡುತ್ತಿದ್ದವು.

ನಮಾಜು ಮುಗಿಸಿ ಬಂದವರೇ ಇವರು
ಇಸ್ತ್ರಿ ಅಂಗಿ ತೊಟ್ಟರು.
ನಾನು ರಾಣೆಬೆನ್ನೂರಿನಿಂದ ತಂದ ಖಡಕ್ ರೊಟ್ಟಿ,
ಶೇಂಗಾ ಹಿಂಡಿ, ಬೇಯಿಸಿದ ನಾಲ್ಕು ತತ್ತಿ,
ನೀರಿನ ಬಾಟಲಿ ಎರಡು,
ಇಮಾಮುವಿಗೆಂದು ಚಡ್ಡಿ ಒಂದು ಹೆಚ್ಚಿಗೆ.

ಬಸ್ಸಿನಲ್ಲಿ ಅವನು ನನ್ನ ತೊಡೆಯ ಮೇಲೆ.
ಜರೀನಾ ಬೆನ್ನು ಬಗ್ಗಿಸಿ
ಒಂದು ಗೇಣು ಗಿಡ್ಡಾದಳು.
ಯಾರೂ ಹೇಳಿಕೊಟ್ಟಿರಲಿಲ್ಲ.

ದಾರಿಯುದ್ದ ಗುಡ್ಡ, ಹುಲ್ಲಿನ ಎಳೆಯಿಲ್ಲ.
"ಇವಕ್ಕ ಯಾರು ಬೆಂಕಿ ಹಚ್ಚಿದ್ರು?" ಅಂದ ಇಮಾಮು.

ಮತ್ರಾದಲ್ಲಿ ಸಮುದ್ರ
ಬಸ್ಸಿನ ಬಾಗಿಲಿಗೇ ಬಂದಿತ್ತು.
ಬಿಳಿ ಹಡಗೊಂದು, ನಮ್ಮೂರ ಹತ್ತಿ ಮಾರ್ಕೆಟ್ಟಿಗಿಂತ ಉದ್ದ.
"ಅದನ್ನ ಹತ್ತೂಣು."
"ಅದು ಇವತ್ತ ಹೊಂಡಂಗಿಲ್ಲ."
ದೋಣಿಯವನು ಬೆನ್ನು ಹತ್ತಿದ: ಡಾಲ್ಫಿನ್, ಡಾಲ್ಫಿನ್,
ಒಬ್ಬರಿಗೆ ಆರೇ ರಿಯಾಲ್.
ಇವರು ನಕ್ಕು ಎದೆಗೆ ಕೈ ಇಟ್ಟುಕೊಂಡರು,
ಹೊಟ್ಟೆ ತುಂಬ ಉಂಡವರು
ಇನ್ನೊಂದು ತುತ್ತು ಬೇಡವೆನ್ನುವ ಹಾಗೆ.

ರೊಟ್ಟಿ ಚೂರಿಗೆ ಮೀನು ಬಂದವು.
ಮೊದಲು ಒಂದು, ಮೂಸಿ, ತಿರುಗಿ ಹೋಗಿ
ಬಳಗವನ್ನೇ ಕರೆತಂದಿತು.
"ಇದು ಪುಕ್ಕಟೆ" ಎಂದು ಜರೀನಾ ಬೆರಳು ಮಡಿಸಿದಳು.
ಕಡಲಹಕ್ಕಿ ಪುಕ್ಕಟೆ. ಗಾಳಿ ಪುಕ್ಕಟೆ.
ಹಡಗು, ನೋಡೂದಾದ್ರ, ಪುಕ್ಕಟೆ.

"ಅಪ್ಪಾ, ಆ ಕೋಟೆ ಯಾರದು?"
"ರಾಜರದು."
"ಯಾವ ರಾಜ?"
"ಹಳೇ ರಾಜ."
"ಗುಡ್ಡದ ಮ್ಯಾಲಿನ ಆ ಬಿಳೀದು?"
"ನೀರಿನ ಟಾಕಿ."
ಅದು ಲೋಬಾನದ ಬಟ್ಟಲಿನ ಆಕಾರವಂತೆ.
ಹತ್ತಿರ ಹೋದಾಗ ಕಸ ಗುಡಿಸುವ ಬಂಗಾಳಿ ಹೇಳಿದ.
ಇವರು ಬೂಟಿನ ಲೇಸು ಕಟ್ಟಲು ಬಗ್ಗಿದರು.

ಆಮೇಲೆ ಸೂಕಿನ ಓಣಿಗಳು.
ದರ್ಗಾದ ಗುರುವಾರದಂಥ ಹೊಗೆ,
ಜರಿ ಟೋಪಿ ಎರಡು ರಿಯಾಲ್ (ಕೈಗೆತ್ತಿ, ಒರೆಸಿ, ಅಲ್ಲೇ ಇಟ್ಟೆವು),
ಮತ್ತೆ ಅದೇ ಬೆಳ್ಳಿಯಂಗಡಿ.
ಮೂರನೇ ಸಲವೂ ಅದೇ ಬೆಳ್ಳಿಯಂಗಡಿ.
ಇವರ ಕುತ್ತಿಗೆಯ ಬೆವರು
ಇಸ್ತ್ರಿ ಅಂಗಿಗೆ ಇಳಿಯುತ್ತಿತ್ತು.

ಆಗ ನನಗೆ ತಿಳಿಯಿತು.
ನಾಲ್ಕು ವರ್ಷ. ಇಪ್ಪತ್ತು ನಿಮಿಷದ ಬಸ್ಸು.
ಶುಕ್ರವಾರವೆಂದರೆ ಬಟ್ಟೆ ಒಗೆಯುವುದು, ಒಂದಿಷ್ಟು ನಿದ್ದೆ,
ಆಮೇಲೆ ನಮಗೆ ವಿಡಿಯೋ ಕಾಲ್.
"ಸಮುದ್ರ ಹೆಂಗೈತ್ರಿ?" ಎಂದು ಕೇಳುತ್ತಿದ್ದೆ.
"ಛಲೋ ಐತಿ" ಅನ್ನುತ್ತಿದ್ದರು.

ಮುಂದೆ ಹೋಗಿ ಅಂಗಡಿಯವನಿಗೆ
ಕೈಸನ್ನೆಯಲ್ಲಿ ದಾರಿ ಕೇಳಿದೆ.
"ನಂಗ ದಾರಿ ತಪ್ಪಿತು ನೋಡ್ರಿ" ಅಂದೆ ಇವರಿಗೆ.

ಕರಕ್ ಚಾ ಎರಡು. ಐಸ್‌ಕ್ರೀಮು ಒಂದು, ಚಮಚೆ ಎರಡು.
ಬಸ್ಸು ಸೇರಿ ಎರಡು ರಿಯಾಲ್ ಏಳುನೂರು ಬೈಸಾ.
ಉಳಿದ ಮುನ್ನೂರು ಇಮಾಮುವಿನ ಮುಷ್ಟಿಯಲ್ಲಿ
ನಿದ್ದೆಯಲ್ಲೂ ಬೆಚ್ಚಗಿದ್ದವು.

ರುವಿಯಲ್ಲಿ ಇಳಿದಾಗ ಕತ್ತಲು.
ಓಣಿಗೆ ತಿರುಗಿದ್ದೇ ತಡ
"ದಾವಲ್ ಭಾಯ್!" ಎಂದು ಚಾದಂಗಡಿಯಿಂದ ಯಾರೋ ಕೂಗಿದರು.
ಇವರ ನಡಿಗೆಯೇ ಬೇರೆಯಾಯಿತು.
"ಈ ಕಲ್ಲು ಅಲ್ಲಾಡತೈತಿ, ದಾಟಿ ಕಾಲಿಡ್ರಿ.
ಈ ಬೆಕ್ಕಿಗೆ ಅರ್ಧಾ ಬಾಲ, ನಾವು ಮ್ಯಾನೇಜರ್ ಅಂತೀವಿ.
ಈ ಲೈಟು ಮಿಣುಕತೈತಿ, ಆದರ ಆರೂದಿಲ್ಲ.
ಅಗಾ, ಶಟರಿನ ಸಂದ್ಯಾಗ ನೋಡವಾ,
ಎಡಕ್ಕ ಮೂರನೇದು ನನ್ನ ಮಷೀನು."

ಜರೀನಾ ಒಂದು ಕಣ್ಣು ಮುಚ್ಚಿ
ಶಟರಿಗೆ ಮುಖ ಒತ್ತಿ
ಬಹಳ ಹೊತ್ತು ನೋಡಿದಳು.
"ಭಾಳ ಛಲೋ ಐತಿ" ಅಂದಳು.

ಕತ್ತಲಲ್ಲಿ ಏನೂ ಕಾಣಲಿಲ್ಲವೆಂದು
ಆಮೇಲೆ, ನನಗೊಬ್ಬಳಿಗೇ ಹೇಳಿದಳು.